ಥಾಯ್ಲೆಂಡಿನ ಚಿಯಾಂಗ್ ಮಾಯ್‌ಗೆ ಹೊರಟ ಸೋದರಸೊಸೆಗೆ

ವಡಾಳಾ, ಮುಂಬಯಿ

ಪ್ರೀತಿಯ ಮಗಳೇ,

ಕರ್ತನ ನಾಮದಲ್ಲಿ ವಂದನೆ.

ನೀನು ಸಭೆಯವರಿಗೆಲ್ಲ ವಾಟ್ಸಾಪಿನಲ್ಲಿ ಕಳಿಸಿದ ಪತ್ರ ನನಗೂ ಬಂತು. ಮಿಷನ್ ತಂಡದ ಜೊತೆ ಥಾಯ್ಲೆಂಡಿಗೆ ಹೋಗಿ ಮಕ್ಕಳಿಗೆ ಇಂಗ್ಲಿಷ್ ಕಲಿಸುತ್ತೀ ಎಂದು ಓದಿ ಹಿಗ್ಗಿದೆ. ನಿನ್ನಪ್ಪ ಮುಖ ಗಂಟು ಹಾಕಿಕೊಂಡಿದ್ದಾನಂತೆ. ಅವನನ್ನು ನನಗೆ ಬಿಡು, ತಮ್ಮನನ್ನು ದಾರಿಗೆ ತರುವುದು ನನಗೆ ಗೊತ್ತು. ಆದರೆ ಕಾಣಿಕೆ ಕೇಳುವ ಆ ಪತ್ರದಲ್ಲಿ ಅಲ್ಲಿಯವರನ್ನು 'ಕತ್ತಲಲ್ಲಿ ಕುಳಿತ ಜನ' ಎಂದಿದ್ದೀಯಲ್ಲ, ಅದನ್ನು ತೆಗೆದುಹಾಕು. ನಾಳೆ ನಿನ್ನ ಕ್ಲಾಸಿನ ಹುಡುಗನ ತಾಯಿ ಅದನ್ನು ತನ್ನ ಫೋನಿನಲ್ಲೇ ಥಾಯ್‌ಗೆ ತಿರುಗಿಸಿ ಓದಬಲ್ಲಳು. ಹಾಗೆಯೇ ಅಲ್ಲಿನ ಮಕ್ಕಳ ಫೋಟೋ ಹಾಕಿ ಇಲ್ಲಿ ಹಣ ಎತ್ತುವುದೂ ಬೇಡ.

ನೀನು ಪುಣೆಯಲ್ಲಿ ಬೆಳೆದವಳು, ಕೇಡಗಾಂವದ ಮುಕ್ತಿ ಮಿಷನ್ ನೋಡಿದವಳು. ಅದನ್ನು ಕಟ್ಟಿದ, ಕ್ರೈಸ್ತರಾದ ಪಂಡಿತಾ ರಮಾಬಾಯಿ ಹುಟ್ಟಿದ್ದು ನಮ್ಮ ಗಂಗಾಮೂಲದ ಕಾಡಿನಲ್ಲಿ ಎಂದು ಹೇಳಿದ್ದೆ. ಅವರ ಶಾರದಾ ಸದನದ ಕಥೆ ಪೂರ್ತಿ ಹೇಳಿರಲಿಲ್ಲ. 1889ರಲ್ಲಿ ಇದೇ ಮುಂಬಯಿಯಲ್ಲಿ ಎಳೆಯ ವಿಧವೆಯರಿಗಾಗಿ ಶುರುವಾದ ಶಾಲೆ ಅದು. ಮರುವರ್ಷ ಪುಣೆಗೆ ಹೋಯಿತು. ಅಲ್ಲಿ ಧರ್ಮದ ಬೋಧನೆ ಇರುವುದಿಲ್ಲ ಎಂಬ ಮಾತಿನ ಮೇಲೆ ರಾನಡೆ, ಭಾಂಡಾರ್ಕರ್ ಅಂಥ ಹಿಂದೂ ಸುಧಾರಕರು ಸಲಹಾ ಮಂಡಳಿಯಲ್ಲಿದ್ದರು. ರಮಾಬಾಯಿ ಪ್ರಾರ್ಥನೆಗೆ ಕೂತಾಗ ಬಾಗಿಲು ಹಾಕಿಕೊಳ್ಳುತ್ತಿರಲಿಲ್ಲ. ಕೆಲವು ಹುಡುಗಿಯರು ಬಂದು ಪಕ್ಕದಲ್ಲಿ ಕೂರತೊಡಗಿದರು. ಹುಡುಗಿಯರನ್ನು ಮತಾಂತರ ಮಾಡುತ್ತಾರೆಂದು ಊರೆಲ್ಲ ಗುಲ್ಲೆದ್ದಿತು. 1893ರಲ್ಲಿ ರಾನಡೆ, ಭಾಂಡಾರ್ಕರ್ ಇಬ್ಬರೂ ಮಂಡಳಿ ಬಿಟ್ಟರು, ಎಷ್ಟೋ ಮನೆಯವರು ಹುಡುಗಿಯರನ್ನು ಬಿಡಿಸಿಕೊಂಡು ಹೋದರು. ರಮಾಬಾಯಿ ಯಾರಿಗೂ ಬಲವಂತ ಮಾಡಲಿಲ್ಲವೆಂದೇ ನನ್ನ ನಂಬಿಕೆ. ಆದರೂ ನಷ್ಟ ಯಾರಿಗೆ? ಪಾಠ ಅರ್ಧಕ್ಕೇ ನಿಂತ ಆ ಹುಡುಗಿಯರಿಗೆ.

ಅದಕ್ಕೇ ಹೇಳುತ್ತೇನೆ, ಇಂಗ್ಲಿಷ್ ಕ್ಲಾಸ್ ಎಂದು ಬೋರ್ಡು ಹಾಕಿದ ಕಡೆ ಇಂಗ್ಲಿಷೇ ನಡೆಯಲಿ. ಬೈಬಲ್ ಪಾಠವಿದ್ದರೆ ಬೇರೆ ಹೊತ್ತಿಗೆ, ಆ ಹೆಸರಿನಲ್ಲೇ, ತಂದೆತಾಯಿಗೆ ತಿಳಿಸಿ ಇಡಿ. ಅದಕ್ಕೆ ಬಂದವನಿಗೂ ಬಾರದವನಿಗೂ ಕ್ಲಾಸಿನಲ್ಲಿ ಒಂದೇ ಪ್ರೀತಿ, ಒಂದೇ ಬಿಸ್ಕತ್ತು. ನಿನ್ನ ವಿಶ್ವಾಸದ ಬಗ್ಗೆ ಯಾರಾದರೂ ತಾವಾಗಿ ಕೇಳಿದರೆ ಮುಚ್ಚಿಡಬೇಕಿಲ್ಲ, ನೆಟ್ಟಗೆ ಹೇಳು. ತಂಡದ ನಾಯಕರು ಇದಕ್ಕೆ ಒಪ್ಪುತ್ತಾರೋ ಇಲ್ಲವೋ ಹೊರಡುವ ಮೊದಲೇ ಕೇಳಿಕೋ. ಶಾಲೆಯ ಬೆಳಗಿನ ಸಾಲಿನಲ್ಲಿ ಬುದ್ಧನ ಪ್ರಾರ್ಥನೆಯಾದರೆ ಸುಮ್ಮನೆ ನಿಂತಿರು. ನಮ್ಮ ಮುನಿಸಿಪಾಲ್ಟಿ ಶಾಲೆಯ ಶಾರದಾ ಪೂಜೆಯಲ್ಲಿ ನಾನೂ ಮಕ್ಕಳ ಜೊತೆ ನಿಂತವಳೇ; ಅದರಿಂದ ನನ್ನ ವಿಶ್ವಾಸವೇನೂ ಸವೆದಿಲ್ಲ.

ಇನ್ನು ಪಾಠ. ನಮ್ಮ ಮಕ್ಕಳು 'ಇಸ್ಕೂಲು' ಅಂದ ಹಾಗೆ ಥಾಯ್ ಮಕ್ಕಳ ಬಾಯಲ್ಲಿ 'ಟೆನ್ನಿಸ್' 'ಟೆನ್ನಿಟ್' ಆಗುತ್ತದೆ, ರಕಾರ ಲಕಾರವಾಗುತ್ತದೆ. ನಗಬೇಡ, ಒಮ್ಮೆ ನಕ್ಕರೆ ಆ ಮಗು ಮತ್ತೆ ಬಾಯಿ ಬಿಡುವುದಿಲ್ಲ. ನೀನೂ ಅವರಿಂದ ಥಾಯ್ ಕಲಿ. ಅವರ ವ್ಯಂಜನಗಳೂ ನಮ್ಮ ಹಾಗೆ ಕ, ಖ ಎಂದೇ ಶುರುವಾಗುತ್ತವೆ, ಬರೆಯುವುದು ನಿನಗೆ ಬೇಗ ಹತ್ತೀತು. ಆದರೆ ಆ ಭಾಷೆಗೆ ಐದು ಬಗೆಯ ದನಿಯ ಏರಿಳಿತವಿದೆ, ಏರಿಳಿತ ತಪ್ಪಿದರೆ ಅರ್ಥವೇ ಬೇರೆ. ಆಗ ಮಕ್ಕಳು ನಿನ್ನನ್ನು ನೋಡಿ ನಗುತ್ತಾರೆ, ನಗಲಿ. ನಾನು ಇಲ್ಲಿನ ಬೆಸ್ಟ್ ಸಿಟಿ ಬಸ್ಸಿನ ಹಳೇ ಟಿಕೆಟ್ಟು, ಬಿಸ್ಕತ್ತಿನ ಪೊಟ್ಟಣ ಹಿಡಿದೇ ಇಂಗ್ಲಿಷ್ ಓದಿಸಿದ್ದು. ನೀನೂ ಅಲ್ಲಿಯ ಸಂತೆಯಲ್ಲಿ ಸಿಗುವುದನ್ನೇ ಬಳಸು. ಮುದ್ದಿಗೂ ಮಕ್ಕಳ ತಲೆ ಮುಟ್ಟಬೇಡ, ಯಾರ ಕಡೆಗೂ ಕಾಲು ಚಾಚಬೇಡ, ಭಿಕ್ಷುಗಳನ್ನು ಹೆಂಗಸರು ಮುಟ್ಟುವಂತಿಲ್ಲ. ಬೆಳಿಗ್ಗೆ 8ಕ್ಕೆ, ಸಂಜೆ 6ಕ್ಕೆ ಅವರ ರಾಷ್ಟ್ರಗೀತೆ ಕೇಳಿಸಿದರೆ ಎಲ್ಲಿದ್ದರೂ ನಿಲ್ಲು.

ಕಾಗದಪತ್ರದ ವಿಷಯದಲ್ಲಿ ಮಾತ್ರ 'ದೇವರು ನೋಡಿಕೊಳ್ಳುತ್ತಾನೆ' ಎನ್ನಬೇಡ. ಸಂಬಳವಿಲ್ಲದ ಸೇವೆಯಾದರೂ ಅಲ್ಲಿ ಪಾಠ ಮಾಡಲು ವರ್ಕ್ ಪರ್ಮಿಟ್ ಬೇಕು. ಪ್ರವಾಸಿಯಾಗಿ ಇಳಿದು ಬೋರ್ಡಿನ ಮುಂದೆ ನಿಲ್ಲುವ ಹಾಗಿಲ್ಲ. ಪಾಸ್‌ಪೋರ್ಟನ್ನು ನಾಯಕರ ಕೈಗೂ ಇಡಲು ಕೊಡಬೇಡ. ಕೆಲಸದ ಆಸೆ ತೋರಿಸಿ ನಮ್ಮ ಹುಡುಗರನ್ನು ಬ್ಯಾಂಕಾಕಿಗೆ ಕರೆಸಿ, ಮೇ ಸೋಟ್ ಎಂಬ ಊರಿನ ಹತ್ತಿರ ಗಡಿ ದಾಟಿಸಿ, ಮ್ಯಾನ್ಮಾರಿನಲ್ಲಿ ಸೈಬರ್ ಮೋಸದ ಕೆಲಸಕ್ಕೆ ಕೂಡಿಹಾಕಿದ್ದು ಪೇಪರಿನಲ್ಲಿ ಬಂದಿತ್ತಲ್ಲ, ನಿನ್ನಪ್ಪನ ನಿದ್ದೆ ಕೆಡಿಸಿರುವುದು ಅದೇ. ಚಿಯಾಂಗ್ ಮಾಯ್‌ನಲ್ಲಿ ನಮ್ಮ ದೂತಾವಾಸದ ಕಚೇರಿಯಿದೆ, ಅದರ ನಂಬರು ಬರೆದು ಅವನ ಕೈಗೆ ಕೊಡು.

ವಿಮಾನ ಮುಂಬಯಿಯಿಂದಲೇ ತಾನೆ? ಹಿಂದಿನ ದಿನವೇ ದಾದರಿನಲ್ಲಿ ಇಳಿದು ನಮ್ಮಲ್ಲಿ ಉಳಿದುಕೋ. ಆ ಶಾಲೆಯವರ ಆಹ್ವಾನ ಪತ್ರ ಮಾತ್ರ ಈಗಲೇ ಕಳಿಸು, ಒಮ್ಮೆ ಓದಿ ನೋಡಿ ತಮ್ಮನಿಗೆ ಫೋನ್ ಮಾಡುತ್ತೇನೆ.

ನಿನ್ನ ಸೋದರತ್ತೆ