ನಾಯಿ ಹುಡುಕುವ ಮೊದಲು, ಅದಕ್ಕೆ ಏನು ಕೆಲಸ ಅಂತ ಬರೆದಿಟ್ಟುಕೊಳ್ಳಿ

ಮಾನ್ಯ ಸಂಪಾದಕರೇ,

ಆಟಿಸಂ ಇರುವ ಮಕ್ಕಳಿಗೆ ತರಬೇತಿ ಪಡೆದ ನಾಯಿ ಹೇಗೆ ಆಸರೆಯಾಗುತ್ತದೆ ಎಂದು ನಿಮ್ಮ ಪತ್ರಿಕೆಯಲ್ಲಿ ಬಂದ ಬರಹ ಓದಿದೆ. ಖುಷಿಯಾಯಿತು, ಜೊತೆಗೆ ಸ್ವಲ್ಪ ಆತಂಕವೂ ಆಯಿತು. ಯಾಕಂದ್ರೆ ಇಂಥ ಬರಹ ಬಂದಾಗೆಲ್ಲ ನಮ್ಮಂಥ ಪೋಷಕರು ಕೇಳುವುದು ಎರಡೇ: ಎಲ್ಲಿ ಸಿಗುತ್ತದೆ, ಯಾವ ತಳಿ ತಗೊಳ್ಳಬೇಕು? ಆಟಿಸಂ ಇರುವ ಹುಡುಗನ ತಾಯಿ ನಾನು, ನಮ್ಮ ಮನೆಯಲ್ಲಿ ಸರ್ವಿಸ್ ಡಾಗ್, ಅಂದರೆ ಇಂಥ ಕೆಲಸಕ್ಕೆ ತರಬೇತಿ ಪಡೆದ ನಾಯಿ, ಇದೆ. ಆ ಎರಡೂ ಪ್ರಶ್ನೆ ಆಮೇಲಿನವು. ನಾಯಿ ಬಂದು ಮಾಡಬೇಕಾದ ಕೆಲಸ ಏನು ಅನ್ನೋದೇ ಮೊದಲ ಪ್ರಶ್ನೆ.

"ಮಗನಿಗೆ ಒಬ್ಬ ಗೆಳೆಯ ಸಿಕ್ಕಂತಾಗುತ್ತದೆ" ಅನ್ನುವುದು ಆಸೆ, ಕೆಲಸ ಅಲ್ಲ. ಆಸೆ ತಪ್ಪು ಅಂತ ಹೇಳುತ್ತಿಲ್ಲ, ಅಷ್ಟೇ ಸಾಕಿದ್ದರೆ ಸಾಧು ಸ್ವಭಾವದ ಸಾಕುನಾಯಿಯೇ ಸಾಕು, ವರ್ಷಗಟ್ಟಲೆ ಕಾಯಬೇಕಿಲ್ಲ. ಮಗು ರಸ್ತೆ ಕಂಡರೆ ಕೈ ಬಿಡಿಸಿಕೊಂಡು ಓಡುತ್ತದಾ? ಸಿಟ್ಟು ಬಂದಾಗ ತನ್ನ ಕೈಯನ್ನೇ ಕಚ್ಚಿಕೊಳ್ಳುತ್ತದಾ? ರಾತ್ರಿ ನಿದ್ದೆ ಇಲ್ಲದೆ ಬಾಗಿಲು ತೆಗೆದು ಹೊರಗೆ ಹೋಗುತ್ತದಾ? ಇವನ್ನು ಒಂದು ಹಾಳೆಯಲ್ಲಿ ಬರೆಯಿರಿ. ಯಾವಾಗ ಆಗುತ್ತದೆ, ಅದಕ್ಕೆ ಮೊದಲು ಮಗು ಏನು ಮಾಡುತ್ತದೆ, ಎಷ್ಟು ಹೊತ್ತು ಇರುತ್ತದೆ, ಎಲ್ಲ ಬರೆಯಿರಿ. ಒಳ್ಳೆಯ ತರಬೇತುದಾರರು ಮೊದಲು ಕೇಳುವುದೇ ಇದನ್ನು. ಅಸಿಸ್ಟೆನ್ಸ್ ಡಾಗ್ಸ್ ಇಂಟರ್‌ನ್ಯಾಷನಲ್ ಎಂಬ ಒಕ್ಕೂಟವಿದೆ, ಬೇರೆ ಬೇರೆ ದೇಶಗಳ ತರಬೇತಿ ಸಂಸ್ಥೆಗಳನ್ನು ಪರೀಕ್ಷಿಸಿ ಮಾನ್ಯತೆ ಕೊಡುತ್ತದೆ. ನಾಯಿ ಪಡೆಯುವ ವ್ಯಕ್ತಿಯ ತೊಂದರೆಗೆ ನೇರವಾಗಿ ನೆರವಾಗುವ ಕನಿಷ್ಠ 3 ಕೆಲಸಗಳನ್ನು ನಾಯಿಗೆ ಕಲಿಸಿರಬೇಕು ಅನ್ನುವುದು ಅವರ ನಿಯಮ.

ಓಡಿಹೋಗುವ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಜಾಸ್ತಿ ಪೋಷಕರು ನಾಯಿ ಹುಡುಕುವುದು ಇದಕ್ಕಾಗಿಯೇ. ಅಮೆರಿಕದಲ್ಲಿ ಪೋಷಕರನ್ನು ಕೇಳಿ ಮಾಡಿದ ಒಂದು ಸಮೀಕ್ಷೆ 2012ರಲ್ಲಿ ಪ್ರಕಟವಾಯಿತು. ಆಟಿಸಂ ಇರುವ ಮಕ್ಕಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಕ್ಕಳು 4 ವರ್ಷ ತುಂಬಿದ ಮೇಲೂ ಒಮ್ಮೆಯಾದರೂ ಹೀಗೆ ಓಡಿಹೋಗಲು ನೋಡಿದ್ದರು ಎಂದು ಅದರಲ್ಲಿದೆ. ಇದಕ್ಕೆ ಕೆಲವು ಸಂಸ್ಥೆಗಳು ಮಗುವಿನ ಸೊಂಟದ ಬೆಲ್ಟಿಗೂ ನಾಯಿಯ ಮೈಪಟ್ಟಿಗೂ ಹಗ್ಗ ಕಟ್ಟುವ ಪದ್ಧತಿ ಇಟ್ಟುಕೊಂಡಿವೆ. ಮಗು ಜಗ್ಗಿದ ಕೂಡಲೇ ನಾಯಿ ನೆಲಕ್ಕೆ ಒತ್ತಿಕೊಂಡು ನಿಂತುಬಿಡುತ್ತದೆ ಅಥವಾ ಮಲಗಿಬಿಡುತ್ತದೆ, ಅಷ್ಟರಲ್ಲಿ ದೊಡ್ಡವರು ಮಗುವನ್ನು ಹಿಡಿದುಕೊಳ್ಳುತ್ತಾರೆ. ತೀರ ಚಿಕ್ಕ ಮಕ್ಕಳಲ್ಲಿ ಇದು ಜೀವ ಉಳಿಸಬಹುದು, ಒಪ್ಪುತ್ತೇನೆ. ಆದರೆ ನನಗೆ ಇದು ಇಷ್ಟವಾಗಲಿಲ್ಲ, ನಾವು ಬೇಡ ಎಂದೆವು. ಮಗು ಬೆಳೆಯುತ್ತದೆ, ತೂಕ ಏರುತ್ತದೆ, ಒಂದು ದಿನ ನಾಯಿಯನ್ನೇ ಎಳೆದುಕೊಂಡು ಹೋಗುತ್ತದೆ. ನಾಯಿ ಬೆದರಿ ಓಡಿದರೆ ಮಗುವೂ ಜೊತೆಗೆ ಬೀಳುತ್ತದೆ. ನಮ್ಮ ಹುಡುಗ ನಾಯಿಯ ಮೈಪಟ್ಟಿಗೆ ಇರುವ ಹಿಡಿಯನ್ನು ಹಿಡಿದು ನಡೆಯುತ್ತಾನೆ, ನಾಯಿಯ ಹಗ್ಗ ಯಾವಾಗಲೂ ನನ್ನ ಕೈಯಲ್ಲಿ ಇರುತ್ತದೆ. ಬಿಡಬೇಕು ಅನ್ನಿಸಿದರೆ ಅವನು ಬಿಡಬಹುದು. ಬಿಡದೆ ಇರಲು ಕಲಿತಿದ್ದಾನೆ, ಅದಕ್ಕೆ ತುಂಬಾ ಸಮಯ ಹಿಡಿಯಿತು.

ಇಲ್ಲೇ ಇನ್ನೊಂದು ವಿಷಯ. ನಾಯಿಯನ್ನು ನಡೆಸುವವರು ಮಗು ಅಲ್ಲ, ಅಪ್ಪ ಅಥವಾ ಅಮ್ಮ. ಕಣ್ಣು ಕಾಣದವರಿಗೆ ಸಿಗುವ ನಾಯಿಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಇದೇ. ಅಂಧರಿಗಾಗಿ ನಾಯಿಗಳನ್ನು ತಯಾರು ಮಾಡುವ ಶಾಲೆ 1916ರಲ್ಲೇ ಜರ್ಮನಿಯ ಓಲ್ಡನ್‌ಬರ್ಗ್‌ನಲ್ಲಿ ಶುರುವಾಯಿತು, ಆಟಿಸಂ ಮಕ್ಕಳಿಗೆ ಅಂತ ಈ ಕೆಲಸ ಆರಂಭವಾದದ್ದು 1990ರ ದಶಕದಲ್ಲಿ. ಇನ್ನೂ ಹೊಸದು. ನಮ್ಮಲ್ಲಿ ನಾಯಿ, ಮಗು, ದೊಡ್ಡವರು ಮೂವರೂ ಸೇರಿದರೆ ಮಾತ್ರ ಕೆಲಸ ನಡೆಯುತ್ತದೆ. ಅಂದರೆ ಮೊದಲೇ ಸುಸ್ತಾಗಿರುವ ತಾಯಿಗೆ ಇನ್ನೊಂದು ಜೀವದ ಊಟ, ಸ್ನಾನ, ವಾಕಿಂಗ್, ಡಾಕ್ಟರು, ಪ್ರತಿದಿನದ ಅಭ್ಯಾಸ ಎಲ್ಲವೂ ಸೇರಿಕೊಳ್ಳುತ್ತವೆ. ಮನೆಯಲ್ಲಿ ಇದನ್ನು ಹಂಚಿಕೊಳ್ಳಲು ಇನ್ನೊಬ್ಬರು ಇದ್ದಾರಾ ಅಂತ ಮೊದಲೇ ಕೂತು ಮಾತಾಡಿ.

ಹಾಗಾದರೆ ಉಪಯೋಗ ಇಲ್ವಾ? ಇದೆ. ಗದ್ದಲದ ಜಾಗದಲ್ಲಿ ನಮ್ಮ ಹುಡುಗ ಎರಡೂ ಕಿವಿ ಮುಚ್ಚಿಕೊಂಡು, ಬೆರಳುಗಳನ್ನು ಕೂದಲೊಳಗೆ ಸಿಕ್ಕಿಸಿಕೊಂಡು ನೆಲಕ್ಕೆ ಕೂತುಬಿಡುತ್ತಾನೆ. ಆಗ ನಾನು ಅವನಿಗೆ ಏನೂ ಹೇಳುವುದಿಲ್ಲ, ಹೇಳಿದರೆ ಇನ್ನೂ ಹೆಚ್ಚಾಗುತ್ತದೆ. ನಾಯಿಗೆ "ಲ್ಯಾಪ್" ಅನ್ನುತ್ತೇನೆ. ಅದು ಅವನ ತೊಡೆಯ ಮೇಲೆ ಅಡ್ಡ ಮಲಗಿ, ಗದ್ದ ಊರಿ, ಮೈಯ ಭಾರ ಪೂರ್ತಿ ಬಿಟ್ಟುಬಿಡುತ್ತದೆ. ನೆಕ್ಕುವುದಿಲ್ಲ, ಬಾಲ ಬಡಿಯುವುದಿಲ್ಲ, ಮುಖದ ಹತ್ತಿರ ಮೂಗು ತರುವುದಿಲ್ಲ, ಅಷ್ಟು ಮಾಡದಿರುವುದೂ ಅದಕ್ಕೆ ಕಲಿಸಿದ್ದೇ. ಸ್ವಲ್ಪ ಹೊತ್ತಿಗೆ ಅವನ ಒಂದು ಕೈ ಕಿವಿಯಿಂದ ಇಳಿದು ನಾಯಿಯ ಕತ್ತಿನ ಕೂದಲಿಗೆ ಬರುತ್ತದೆ. ಆಟಿಸಂ ಹೋಯಿತಾ? ಇಲ್ಲ, ಹೋಗುವಂಥದ್ದೂ ಅಲ್ಲ. ಆದರೆ ಅಲ್ಲಿಂದ ಎದ್ದು ಮನೆಗೆ ಹೋಗುವುದು ಮೊದಲಿಗಿಂತ ಬೇಗ ಆಗುತ್ತದೆ.

ಸಂಶೋಧನೆಯೂ ಹೆಚ್ಚುಕಮ್ಮಿ ಇದನ್ನೇ ಹೇಳುತ್ತದೆ. ಕೆನಡಾದಲ್ಲಿ ಆಟಿಸಂ ಇರುವ 42 ಮಕ್ಕಳ ಜೊಲ್ಲಿನಲ್ಲಿ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನು ಅಳೆದರು, ಅದರ ಫಲಿತಾಂಶ 2010ರಲ್ಲಿ ಬಂತು. ಬೆಳಿಗ್ಗೆ ಎದ್ದ ಮೇಲೆ ಇದು ಎಲ್ಲರಲ್ಲೂ ಸ್ವಲ್ಪ ಏರುತ್ತದೆ. ನಾಯಿ ಬರುವ ಮೊದಲು ಆ ಏರಿಕೆ ಶೇ 58 ಇತ್ತು, ನಾಯಿ ಮನೆಯಲ್ಲಿದ್ದಾಗ ಶೇ 10ಕ್ಕೆ ಇಳಿಯಿತು, ನಾಯಿಯನ್ನು ಸ್ವಲ್ಪ ಕಾಲ ದೂರ ಇಟ್ಟಾಗ ಮತ್ತೆ ಶೇ 48 ಆಯಿತು. ಆದರೆ ಇಡೀ ದಿನದ ಸರಾಸರಿ ಬದಲಾಗಲಿಲ್ಲ. ಬರಹಗಳಲ್ಲಿ ಮೊದಲ ಅರ್ಧ ಮಾತ್ರ ಬರುತ್ತದೆ, ಕೊನೆಯ ಸಾಲು ಬಿಟ್ಟುಹೋಗುತ್ತದೆ, ಅಲ್ವಾ?

ಮರಿ ತಂದು ಮನೆಯಲ್ಲೇ ತರಬೇತಿ ಕೊಡಬಹುದಲ್ಲಾ ಅಂತ ಕೇಳುವವರು ಬಹಳ. ಕೊಡಬಹುದು. ಆದರೆ ಹುಟ್ಟಿದಾಗಿಂದ ನೋಡಿ ಆರಿಸಿ, ಸಾಕುಮನೆಯಲ್ಲಿ ಬೆಳೆಸಿ, ಆಮೇಲೆ ತಿಂಗಳುಗಟ್ಟಲೆ ಕಲಿಸುವ ಸಂಸ್ಥೆಗಳಲ್ಲೇ ಎಷ್ಟೋ ನಾಯಿಗಳು ಕೊನೆಗೆ ಈ ಕೆಲಸಕ್ಕೆ ಆಗುವುದಿಲ್ಲ ಅಂತ ಹೊರಗೆ ಉಳಿಯುತ್ತವೆ. ಹಿಂದೆ ಪಾತ್ರೆ ಬಿದ್ದ ಸದ್ದಿಗೆ ಬೆಚ್ಚಿದರೂ ತಕ್ಷಣ ಸುಧಾರಿಸಿಕೊಳ್ಳಬೇಕು, ಮಗು ಕಿವಿ ಹಿಡಿದು ಎಳೆದರೂ ಗುರ್ ಅನ್ನಬಾರದು, ಅಷ್ಟು ಸಾಲದು, ಮತ್ತೆ ಆ ಮಗುವಿನ ಹತ್ತಿರವೇ ಬರಬೇಕು. ಲ್ಯಾಬ್ರಡಾರ್, ಗೋಲ್ಡನ್ ರಿಟ್ರೀವರ್ ಜಾಸ್ತಿ ಕಾಣುವುದು ಇದೇ ಕಾರಣಕ್ಕೆ, ಆದರೆ ತಳಿ ಒಂದೇ ಭರವಸೆ ಅಲ್ಲ. ಪೂರ್ತಿ ತಯಾರಾಗುವಷ್ಟರಲ್ಲಿ ನಾಯಿಗೆ ಸುಮಾರು 2 ವರ್ಷ ಆಗಿರುತ್ತದೆ.

ಅದಕ್ಕೇ ಹೇಳುವುದು, ದುಡ್ಡು ಕೊಟ್ಟರೆ ಮುಂದಿನ ವಾರವೇ ನಾಯಿ ಕಳಿಸುತ್ತೇವೆ ಅನ್ನುವವರಿಂದ ದೂರ ಇರಿ. ಒಂದು ಬಣ್ಣದ ಜಾಕೆಟ್, ಒಂದು ಗುರುತಿನ ಚೀಟಿ, ಒಂದು ಸರ್ಟಿಫಿಕೇಟು ಕೊಟ್ಟ ಮಾತ್ರಕ್ಕೆ ನಾಯಿ ಸರ್ವಿಸ್ ಡಾಗ್ ಆಗುವುದಿಲ್ಲ. ಆನ್‌ಲೈನಿನಲ್ಲಿ ಸಿಗುವ ಇಂಥ ನೋಂದಣಿಗೆ ತಾನು ಯಾವ ಮನ್ನಣೆಯನ್ನೂ ಕೊಡುವುದಿಲ್ಲ ಎಂದು ಅಮೆರಿಕದ ನ್ಯಾಯ ಇಲಾಖೆ ಸ್ಪಷ್ಟವಾಗಿ ಹೇಳಿದೆ. ಆ ದೇಶದ ಕಾನೂನು ನೋಡುವುದು ನಾಯಿ ಕಲಿತ ಕೆಲಸವನ್ನು, ಸುಮ್ನೆ ಜೊತೆಯಲ್ಲಿದ್ದು ಸಮಾಧಾನ ಕೊಡುವ ನಾಯಿ ಅದರಲ್ಲಿ ಬರುವುದಿಲ್ಲ. ನಿಯಮ ದೇಶದಿಂದ ದೇಶಕ್ಕೆ ಬೇರೆ, ಶಾಲೆಗೆ, ಬಸ್ಸಿಗೆ ನಾಯಿಯನ್ನು ಬಿಡುತ್ತಾರಾ ಅಂತ ನಾಯಿ ಬರುವ ಮೊದಲೇ ಬರವಣಿಗೆಯಲ್ಲಿ ಕೇಳಿ ತಿಳಿದುಕೊಳ್ಳಿ. ನಿಮ್ಮ ಮನೆಗೆ ಬಂದು ನೋಡುವ, ಮಗುವಿನ ಥೆರಪಿಸ್ಟ್ ಜೊತೆ ಮಾತಾಡಬೇಕು ಅನ್ನುವ, "ನಿಮಗೆ ನಾಯಿ ಸರಿಹೋಗಲಿಕ್ಕಿಲ್ಲ" ಎಂದು ಮುಖಕ್ಕೇ ಹೇಳುವ ಸಂಸ್ಥೆ ಸಿಕ್ಕರೆ ಬೇಜಾರು ಮಾಡಿಕೊಳ್ಳಬೇಡಿ. ನಂಬಬಹುದಾದವರು ಅವರೇ. ನಾಯಿ ಕೊಟ್ಟ ಮೇಲೆ ತೊಂದರೆ ಬಂದರೆ ಯಾರು ಬರುತ್ತಾರೆ, ಹೊಂದದಿದ್ದರೆ ವಾಪಸ್ ತಗೊಳ್ಳುತ್ತಾರಾ ಅಂತಲೂ ಕೇಳಿ.

ಮತ್ತೆ ಮಗುವನ್ನು ಕೇಳಿ. ಮಾತು ಬರದ ಮಗುವಾದರೂ ಉತ್ತರ ಕೊಡುತ್ತದೆ. ಬೊಗಳುವ ಸದ್ದು ತಡೆಯಲಾರದ, ಒದ್ದೆ ಮೂಗು ತಾಗಿದರೆ ಮೈ ಉಜ್ಜಿಕೊಳ್ಳುವ, ನಾಯಿ ವಾಸನೆಗೇ ಕೋಣೆ ಬಿಟ್ಟು ಹೋಗುವ ಮಕ್ಕಳಿದ್ದಾರೆ. ಅಂಥ ಮಗುವಿನ ಮನೆಗೆ ಎಷ್ಟೇ ಒಳ್ಳೆಯ ನಾಯಿ ತಂದರೂ ಹಿಂಸೆಯೇ. ಶಾಂತ ಸ್ವಭಾವದ ನಾಯಿ ಇರುವ ಪರಿಚಯದವರ ಮನೆಗೆ ಕರೆದುಕೊಂಡು ಹೋಗಿ, ಒತ್ತಾಯ ಮಾಡದೆ ದೂರದಲ್ಲಿ ಕೂರಿಸಿ, ಮಗು ತಾನಾಗಿ ಹತ್ತಿರ ಹೋಗುತ್ತದಾ ನೋಡಿ. ನಾಯಿಯ ಕಡೆಯಿಂದಲೂ ಯೋಚಿಸಬೇಕು. ಅದಕ್ಕೆ ಮೈಪಟ್ಟಿ ಬಿಚ್ಚಿ ಆಡುವ ಹೊತ್ತು ಬೇಕು, ಯಾರೂ ಮುಟ್ಟದ ಒಂದು ಮೂಲೆ ಬೇಕು. ಹೊಡೆಯುವ ಮಗು ಇದ್ದರೆ ಮೊದಲು ಆ ಹೊಡೆತಕ್ಕೆ ದಾರಿ ಹುಡುಕಿ, ನಾಯಿ ಆಮೇಲೆ ಬರಲಿ.

ಸಂಪಾದಕರಲ್ಲಿ ಒಂದು ಕೋರಿಕೆ. ಮುಂದಿನ ಸಲ ಇಂಥ ಬರಹ ಹಾಕುವಾಗ, ಮಗು ನಾಯಿಯನ್ನು ಅಪ್ಪಿಕೊಂಡ ಫೋಟೋ ಜೊತೆಗೆ ಆ ಕುಟುಂಬ ಎಷ್ಟು ಕಾಲ ಕಾದಿತ್ತು, ನಾಯಿಗೆ ಯಾವ ಯಾವ ಕೆಲಸ ಬರುತ್ತದೆ, ಅದರ ಹಗ್ಗ ಯಾರ ಕೈಯಲ್ಲಿರುತ್ತದೆ ಅನ್ನುವುದನ್ನೂ ಕೇಳಿ ಬರೆಯಿರಿ.

ಇತಿ,
ಓರ್ವ ತಾಯಿ