ಮಾಲ್ಡೋವಾದ ಹಳ್ಳಿಗಳಿಗೂ ಅನುದಾನ ತಲುಪಲಿ

ಮಾನ್ಯ ಸಂಪಾದಕರೇ,

2022ರ ಮಾರ್ಚ್‌ನಲ್ಲಿ ಐರೋಪ್ಯ ಒಕ್ಕೂಟದ ಸದಸ್ಯತ್ವಕ್ಕೆ ಅರ್ಜಿ ಸಲ್ಲಿಸಿ, ಜೂನ್‌ನಲ್ಲೇ ಅಭ್ಯರ್ಥಿ ರಾಷ್ಟ್ರವಾದ ಮಾಲ್ಡೋವಾದಲ್ಲಿ ನ್ಯಾಯಾಂಗ ಸುಧಾರಣೆ, ಭ್ರಷ್ಟಾಚಾರ ನಿಯಂತ್ರಣದಂತಹ ಕೆಲಸಗಳ ಮೇಲೆ ಕಣ್ಣಿಟ್ಟು ಅವುಗಳ ಅರ್ಥವನ್ನು ಜನರಿಗೆ ತಿಳಿಸುವುದರಲ್ಲಿ ಅಲ್ಲಿನ ನಾಗರಿಕ ಸಂಘಟನೆಗಳ ಪಾತ್ರ ದೊಡ್ಡದು. ಒಕ್ಕೂಟ ಇವುಗಳಿಗೆ ಅನುದಾನ ನೀಡುತ್ತಿರುವುದು ಸ್ವಾಗತಾರ್ಹ.

ಆದರೆ ಈ ಹಣ ಎಲ್ಲಿಗೆ ತಲುಪಬೇಕು ಎಂಬುದನ್ನು 2024ರ ಅಕ್ಟೋಬರ್ 20ರ ಜನಮತಗಣನೆಯೇ ಹೇಳಿದೆ. ಸದಸ್ಯತ್ವದ ಗುರಿಯನ್ನು ಸಂವಿಧಾನದಲ್ಲಿ ಸೇರಿಸಲು, ವಿದೇಶದಲ್ಲಿರುವ ಪ್ರಜೆಗಳ ಮತವೂ ಸೇರಿ ಒಟ್ಟಾರೆ ಶೇ 50.35ರಷ್ಟು ಮತಗಳಷ್ಟೇ ಪರವಾಗಿ ಬಿದ್ದರೆ, ಸ್ವಾಯತ್ತ ಪ್ರದೇಶವಾದ ಗಗೌಜಿಯಾದಲ್ಲಿ ಶೇ 90ಕ್ಕೂ ಹೆಚ್ಚು ಮತಗಳು ವಿರುದ್ಧವಾಗಿದ್ದವು. ಇಂತಹ ಕಡೆ ರಷ್ಯನ್ ಮತ್ತು ಗಗೌಜ್ ಭಾಷೆಗಳಲ್ಲಿ ಜನರ ಆತಂಕಗಳನ್ನು ಆಲಿಸಿ ಉತ್ತರಿಸಬಲ್ಲವರು ಸ್ಥಳೀಯ ಸಣ್ಣ ಸಂಘಗಳವರೇ ಹೊರತು ರಾಜಧಾನಿ ಕಿಶಿನೌದ ತಜ್ಞರಲ್ಲ. ಇಂಗ್ಲಿಷ್‌ನ ದೀರ್ಘ ಅರ್ಜಿ, ಲೆಕ್ಕಪರಿಶೋಧನೆ, ಯೋಜನಾ ವೆಚ್ಚದಲ್ಲಿ ಸ್ವಂತ ಪಾಲು ಮುಂತಾದ ಷರತ್ತುಗಳನ್ನು, ಇಬ್ಬರು ಮೂವರು ಕಾರ್ಯಕರ್ತರಿರುವ ಸಂಘ ಪೂರೈಸುವುದು ಹೇಗೆ? ದೊಡ್ಡ ಸಂಸ್ಥೆಗಳು ತಮ್ಮ ಅನುದಾನದಲ್ಲಿ ಒಂದು ಭಾಗವನ್ನು ಸಣ್ಣವಕ್ಕೆ ಮರುಹಂಚುವ ವ್ಯವಸ್ಥೆ ಈಗಾಗಲೇ ಇದೆ. ಅದನ್ನು ವಿಸ್ತರಿಸಿ, ಕಚೇರಿ ಬಾಡಿಗೆ ಮತ್ತು ಸಂಬಳಕ್ಕೂ ಹಲವು ವರ್ಷಗಳ ನೆರವು ಕೊಡಬೇಕು.

2025ರಲ್ಲಿ ಅಮೆರಿಕದ ನೆರವು ಏಕಾಏಕಿ ನಿಂತಾಗ ಅಲ್ಲಿನ ಅನೇಕ ಸಂಘಟನೆಗಳು ತತ್ತರಿಸಿದವು. ಒಬ್ಬನೇ ದಾನಿಯನ್ನು ನಂಬಿದರೆ ಆಗುವ ಈ ಅಪಾಯವನ್ನು ಒಕ್ಕೂಟವೂ, ಮಾಲ್ಡೋವಾ ಸರ್ಕಾರವೂ ಗಂಭೀರವಾಗಿ ಪರಿಗಣಿಸಿ, ದೇಶದೊಳಗಿನ ದೇಣಿಗೆಯ ಮೂಲಗಳನ್ನು ಈಗಿನಿಂದಲೇ ಬೆಳೆಸಬೇಕೆಂದು ಕೋರುತ್ತೇನೆ.

– ಓರ್ವ ಓದುಗ, ಮೈಸೂರು