ಅವನಿಗೆ ಸೊಪ್ಪು ಯಾರು ಹಾಕುತ್ತಾರೆ?

ಪ್ರಿಯ ಗೆಳೆಯಾ,

ಮೊನ್ನೆ ಶಿಡ್ಲಘಟ್ಟದ ರೇಷ್ಮೆ ಗೂಡಿನ ಮಾರುಕಟ್ಟೆ ಹತ್ತಿರ ಸಿಕ್ಕಾಗ ಕೇಳಿದೆಯಲ್ಲ, "ಜರ್ಮನ್ ಕಲಿತಾಯ್ತು ಅಂತೀಯ. ಮತ್ತೆ ಎಂ.ಎ. ಅಂತ ಎರಡು ವರ್ಷ ಏನೋ ಓದ್ತೀಯ?" ಆಗ ಅಪ್ಪನ ಗೂಡು ಹರಾಜಿನಲ್ಲಿತ್ತು, ನನ್ನ ಗಮನವೆಲ್ಲ ಅಲ್ಲೇ. ಬೆಂಗಳೂರಿನ ಬಸ್ಸಿನಲ್ಲಿ ಕೂತ ಮೇಲೆ ನಿನ್ನ ಮಾತು ಕಾಡತೊಡಗಿತು.

ವ್ಯಾಕರಣ ಒಂದು ಹಂತಕ್ಕೆ ಮುಗಿಯುತ್ತದೆ, ನಿಜ. ಜರ್ಮನ್ನಿನಲ್ಲಿ ಚಮಚ ಗಂಡು, ಮುಳ್ಳುಚಮಚ ಹೆಣ್ಣು, ಚಾಕು ಎರಡೂ ಅಲ್ಲ. ಬಾಯಿಪಾಠ ಮಾಡಿದರೆ ಆಯಿತು. ಅದಾದ ಮೇಲೆ ಏನು ಓದುತ್ತೇವೆ ಅಂತ ತಿಳಿಯಬೇಕಾದರೆ ಒಂದೇ ಒಂದು ಪದದ ಕತೆ ಕೇಳು.

ಫ್ರಾನ್ಸ್ ಕಾಫ್ಕಾ ಪ್ರಾಗ್ ಊರಿನವನು. ಮನೆಯಲ್ಲಿ ಜರ್ಮನ್, ಬೀದಿಯಲ್ಲಿ ಜಾಸ್ತಿ ಚೆಕ್. ನಮ್ಮ ಮನೆಯ ತೆಲುಗು, ನಿಮ್ಮ ಮನೆಯ ಉರ್ದು, ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಕಲಿತ ಕನ್ನಡ, ಎಲ್ಲ ನೆನಪಾಯಿತು ನನಗೆ. 1915ರಲ್ಲಿ ಅವನದೊಂದು ನೀಳ್ಗತೆ ಅಚ್ಚಾಯಿತು. ಊರೂರು ತಿರುಗಿ ಬಟ್ಟೆ ವ್ಯಾಪಾರ ಮಾಡುವ ಹುಡುಗ ಒಂದು ಬೆಳಗ್ಗೆ ಏಳುವಾಗ 'ಉನ್‌ಗೆತ್ಸೀಫರ್' ಆಗಿರುತ್ತಾನೆ. ಇಂಗ್ಲಿಷಿಗೆ ತಂದವರು ಈ ಪದಕ್ಕೆ ಒಬ್ಬೊಬ್ಬರು ಒಂದೊಂದು ಹಾಕಿದ್ದಾರೆ: ಇನ್ಸೆಕ್ಟ್, ವರ್ಮಿನ್, ಬಗ್. ಅದು ಇಂಥದೇ ಪ್ರಾಣಿ ಅಂತ ಗೊತ್ತಾಗುವುದು ಕಾಫ್ಕಾಗೂ ಬೇಕಿರಲಿಲ್ಲ. ಮುಖಪುಟದಲ್ಲಿ ಅದರ ಚಿತ್ರ ಬೇಡ, ದೂರದಿಂದ ಕಂಡ ಹಾಗೂ ಬೇಡ ಅಂತ ಪ್ರಕಾಶಕರಿಗೆ ಕಾಗದ ಬರೆದಿದ್ದ.

ನಿಮ್ಮ ನಿಮ್ಮ ಭಾಷೆಗೆ ತನ್ನಿ ಎಂದರು ನಮ್ಮ ಮೇಡಂ. ನಾನು ಒಂದು ಕ್ಷಣವೂ ಯೋಚಿಸದೆ 'ಹುಳ' ಅಂತ ಬರೆದೆ. ಹರಿಯುವುದೂ ಹುಳ, ಹಾರುವುದೂ ಹುಳ, ಅಕ್ಕಿಯಲ್ಲಿ ಇರುವುದೂ ಹುಳ. ಕಾಫ್ಕಾಗೆ ಬೇಕಾದ್ದು ಇಂಥದೇ ಪದ ಅಲ್ವಾ? ತುಂಬ ಖುಷಿಯಾಗಿತ್ತು.

ಆ ಖುಷಿ ರಾತ್ರಿಯವರೆಗೂ ಉಳಿಯಲಿಲ್ಲ. ಯಾಕೆಂದರೆ ಆ ಜರ್ಮನ್ ಪದದಲ್ಲಿ ಅಸಹ್ಯ ಇದೆ. ನಿಘಂಟು ತೆಗೆದು ನೋಡಿದೆ. ಅದರ ಬೇರಿನಲ್ಲಿ, ಹಳೆಯ ಜರ್ಮನ್ನಿನಲ್ಲಿ, ಬಲಿ ಕೊಡುವ ಪ್ರಾಣಿ ಎಂಬ ಅರ್ಥದ ಪದವಿದೆ. 'ಉನ್' ಸೇರಿದರೆ ಬಲಿಗೂ ಸಲ್ಲದ್ದು. ನಮ್ಮ ತಾಲ್ಲೂಕಿನಲ್ಲಿ ಹುಳ ಅಂದರೆ ರೇಷ್ಮೆ ಹುಳ, ಅದು ಹಾಗೇನಾ? ಹುಳದ ಮನೆಗೆ ಅಮ್ಮ ಚಪ್ಪಲಿ ಬಿಟ್ಟು, ಕೈ ತೊಳೆದು ಹೋಗುತ್ತಾಳೆ. ಹೊರಗಿನವರನ್ನು ಬಾಗಿಲಲ್ಲೇ ನಿಲ್ಲಿಸುತ್ತಾಳೆ. ಹುಳ ಪೊರೆ ಬಿಡಲು ಜ್ವರಕ್ಕೆ ಕೂತರೆ ಹಿಪ್ಪುನೇರಳೆ ಸೊಪ್ಪು ಹಾಕುವುದಿಲ್ಲ, ಜೋರಾಗಿ ಮಾತೂ ಆಡಿಸುವುದಿಲ್ಲ. ನಾಲ್ಕನೇ ಜ್ವರ ಎದ್ದ ಮೇಲೆ ರಾತ್ರಿಯೆಲ್ಲ ಸೊಪ್ಪು ತಿನ್ನುವ ಸದ್ದು, ಹೊರಗೆ ಮಳೆ ಹಿಡಿದ ಹಾಗೆ. ನನ್ನ ಫೀಸು ಕಟ್ಟಿದ್ದು ಆ ಹುಳ. ಬಲಿಗೆ ಸಲ್ಲದ್ದು ಅಂತ ಅದನ್ನು ಹೇಗೆ ಹೇಳಲಿ? ನಾವು ಸಾಕಿ, ನೂಲು ಬಿಚ್ಚುವ ನಿಮ್ಮ ಫಿಲೇಚರ್‌ನ ಬಿಸಿನೀರಿಗೆ ಕಳಿಸುತ್ತೇವಲ್ಲ.

ಅಮ್ಮನಿಗೆ ಫೋನ್ ಮಾಡಿ ಕತೆ ಹೇಳಿದೆ, ತೆಲುಗಿನಲ್ಲಿ, 'ಪುರುಗು' ಅಂತ. (ಹಳಗನ್ನಡದ ಪುೞು ನಮ್ಮಲ್ಲಿ ಹುಳ ಆಯಿತು, ಪಾಲ್ ಹಾಲಾದ ಹಾಗೆ. ತೆಲುಗಿನಲ್ಲಿ 'ಪ' ಹಾಗೇ ಉಳಿದಿದೆ. ಮನೆಯಲ್ಲಿ ಅಷ್ಟು ವರ್ಷ ಆಡಿದ ಪದ, ಇದು ತಿಳಿದದ್ದು ಓದೋಕೆ ಬಂದ ಮೇಲೆ.) ಮಗ ಬೆಳಗ್ಗೆ ಎದ್ದಾಗ ಹುಳ ಆಗಿದ್ದನಂತೆ ಅಂದೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಕೇಳಿದಳು, "ವಾಡಿಕಿ ಆಕು ಎವರು ವೇಸ್ತಾರ್ರಾ?" ಅವನಿಗೆ ಸೊಪ್ಪು ಯಾರು ಹಾಕುತ್ತಾರೋ ಅಂತ.

ಗೆಳೆಯಾ, ಆ ಕತೆ ಇರುವುದೇ ಅಲ್ಲಿ. ತಂಗಿ ಮೊದಲು ಹಾಲು ಇಡುತ್ತಾಳೆ, ಅವನಿಗೆ ಸೇರುವುದಿಲ್ಲ. ಮಾರನೇ ದಿನ ಹಳೇ ಪೇಪರ್ ಹಾಸಿ ಬಾಡಿದ ತರಕಾರಿ, ಚೀಸು, ಬ್ರೆಡ್ಡು ಎಲ್ಲ ಹರಡಿ, ಯಾವುದು ಇಷ್ಟ ಅಂತ ನೋಡುತ್ತಾಳೆ. ದಿನ ಕಳೆದ ಹಾಗೆ ಆ ಕಾಳಜಿ ಕಮ್ಮಿಯಾಗುತ್ತದೆ. ಕೊನೆಗೆ ಇದನ್ನು ಮನೆಯಿಂದ ಕಳೆಯಲೇಬೇಕು ಅನ್ನುವವಳೂ ಅವಳೇ. ನಾನು ವಾರಗಟ್ಟಲೆ ಓದಿಯೂ ಅಸಹ್ಯವನ್ನೇ ಹುಡುಕುತ್ತಿದ್ದೆ. ಜರ್ಮನ್ನಿನ ಒಂದಕ್ಷರ ಬಾರದ ಅಮ್ಮ, ಹುಳದ ಮನೆಯಲ್ಲಿ ಮೂವತ್ತು ವರ್ಷ ಕಳೆದವಳು, ನೇರ ಹಸಿವನ್ನೇ ಕೇಳಿದಳು.

ಮೇಡಂಗೆ ಹೇಳಿದೆ. ಅವರು ಪಾಠ ನಿಲ್ಲಿಸಿ ಅಮ್ಮನ ಮಾತನ್ನು ಇನ್ನೊಂದು ಸಲ ಹೇಳಿಸಿದರು, ತೆಲುಗಿನಲ್ಲೇ. ನೀನು ಕೇಳಿದೆಯಲ್ಲ, ಎರಡು ವರ್ಷ ಏನು ಓದುತ್ತೀಯ ಅಂತ. ಆ ಗಂಟೆಯಲ್ಲಿ ನಡೆದದ್ದನ್ನೇ ಓದುತ್ತಿದ್ದೇನೆ.

ಕ್ರಿಮಿ, ಕೀಟ, ಹುಳ-ಹುಪ್ಪಟೆ, ಎಲ್ಲ ಹಾಕಿ ನೋಡಿದೆ. ಈಗ ಹುಳ ಅಂತಲೇ ಉಳಿಸಿದ್ದೇನೆ. ಅಸಹ್ಯ ಸ್ವಲ್ಪ ಕಮ್ಮಿ ಬೀಳುತ್ತದೆ, ಗೊತ್ತು. ಆದರೆ ಬೇರೆ ಪದ ಹೇಳಿದ್ದರೆ ಅಮ್ಮ ಆ ಪ್ರಶ್ನೆ ಕೇಳುತ್ತಿರಲಿಲ್ಲ.

ನಿನ್ನಿಂದ ಒಂದು ಸಹಾಯ ಬೇಕು. ನೂಲು ಬಿಚ್ಚಿದ ಮೇಲೆ ಗೂಡಿನೊಳಗೆ ಉಳಿಯುತ್ತದಲ್ಲ ಹುಳ, ಅದಕ್ಕೆ ನಿಮ್ಮ ಅಮ್ಮಿ ಮನೆಯಲ್ಲಿ ಏನಂತಾರೆ? ಬದುಕಿರುವ ಹುಳಕ್ಕೂ ಅದೇ ಪದವಾ, ಬೇರೆಯಾ? ಕೇಳಿ ಬರೆದಿಡು. ಬರುವ ವಾರ ಹುಳ ಹಣ್ಣಾಗುತ್ತವಂತೆ, ಗೂಡು ಕಟ್ಟುವ ಚಂದ್ರಿಕೆಗೆ ಬಿಡಲು ನಾನೂ ಬರುತ್ತಿದ್ದೇನೆ. ಆಗ ಸಿಗೋಣ.

ನಿನ್ನ ಗೆಳೆಯ